ವಿಶ್ರಾಂತಿಯನ್ನೊಲ್ಲದ ಕಾಲುಗಳು

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಜನಜೀವನವನ್ನು ಸ್ವಲ್ಪವಾದರೂ ಬಲ್ಲವರಿಗೆ, ಇಲ್ಲಿನ ದುಡಿಮೆಯ ಭಾರವನ್ನು ಕೈಯಷ್ಟೇ ಕಾಲೂ ಹೊತ್ತಿದೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಯಮತ್ತೂರು ಜಿಲ್ಲೆಗೆ ಸೇರಿದ್ದ 1956ಕ್ಕೆ ಹಿಂದಿನ ಕಾಲದಿಂದಲೂ ರೇಷ್ಮೆಗೆ ಹೆಸರಾದ ಕೊಳ್ಳೇಗಾಲದಲ್ಲಿ ಗುಂಡಿಮಗ್ಗದ ಕುಳಿಯೊಳಗೆ ಕಾಲಿಳಿಬಿಟ್ಟು ಹಗಲೆಲ್ಲ ತುಳಿಯುವ ನೇಕಾರರು, ಮಾಂಬಳ್ಳಿಯ ಕಡೆ ಬಿಸಿನೀರಿನ ಮುಂದೆ ಗಂಟೆಗಟ್ಟಲೆ ನಿಂತು ಗೂಡಿನಿಂದ ಎಳೆ ತೆಗೆಯುವ ಹೆಂಗಸರು, ಹನೂರಿನ ಸುತ್ತಣ ರಾಗಿಹೊಲಗಳಲ್ಲಿ ಬಗ್ಗಿ ಕಳೆ ಕೀಳುವವರು, ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಬರಿಗಾಲಿನಲ್ಲಿ ಏರುವ ಪರಸೆಯವರು, ಇವರಲ್ಲಿ ಯಾರಾದರೂ ಇರುಳಲ್ಲಿ ಕಾಲು ಸರಿಯಿಲ್ಲವೆಂದರೆ ಕೇಳಿದವರ ಬಾಯಲ್ಲಿ ಮೊದಲು ಬರುವ ಮಾತು ದಣಿವು ಎಂಬುದು. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ದಣಿವಿನ ವೇಷವನ್ನು ಧರಿಸಿ ಬಂದು, ದಣಿವಿಗೆ ತೀರ ವಿರುದ್ಧವಾದ ನಡತೆಯನ್ನು ತೋರುವ ಬಾಧೆಯೊಂದುಂಟು. ದಣಿದ ಕಾಲಿಗೆ ವಿಶ್ರಾಂತಿಯೇ ಔಷಧಿ. ಈ ಕಾಲಿಗಾದರೋ ವಿಶ್ರಾಂತಿಯೇ ರೋಗಕ್ಕೆ ಕರೆ.

ರಾತ್ರಿ ಊಟ ಮುಗಿದು, ದೀಪ ಆರಿಸಿ, ಚಾಪೆಯ ಮೇಲೆ ಮೈಚಾಚಿದ ಸ್ವಲ್ಪ ಹೊತ್ತಿಗೆಲ್ಲ ಮೊಣಕಾಲಿನ ಕೆಳಗೆ, ಮೀನಖಂಡದ ಆಳದಲ್ಲಿ, ಚರ್ಮದ ಮೇಲಲ್ಲದೆ ಮಾಂಸದೊಳಗೆ, ಏನೋ ಹರಿದಾಡಿದಂತೆ, ಎಳೆದಂತೆ, ಜುಮುಗುಟ್ಟಿದಂತೆ ಆಗತೊಡಗುತ್ತದೆ. ಕಾಲನ್ನು ಅಲುಗಿಸದೆ ಇರುವುದು ಅಸಾಧ್ಯವೆನಿಸುತ್ತದೆ. ಮಡಿಸಿ, ಚಾಚಿ, ಒಂದು ಹಿಮ್ಮಡಿಯಿಂದ ಇನ್ನೊಂದು ಕಾಲನ್ನು ಉಜ್ಜಿ, ಕಡೆಗೆ ಬೇಸತ್ತು ಎದ್ದು ತಣ್ಣನೆಯ ಕಾವಿನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ಆ ಕ್ಷಣವೇ ಇಳಿಯುತ್ತದೆ. ಮರಳಿ ಮಲಗಿದರೆ ಮರಳಿ ಮೊದಲಾಗುತ್ತದೆ. ಇದನ್ನು ನೋವೆಂದು ಕರೆಯಲು ಅನುಭವಿಸುವವರಿಗೇ ಮನಸ್ಸೊಪ್ಪದು. “ಕಾಲು ಒಳಗೊಳಗೇ ಎಳ್ದಂಗಾಯ್ತದ ಕಣಪ್ಪ, ಒಂದ್ಗಳಿಗ ಸುಮ್ಮನ ಮನಿಕೊಳಕ್ಕಾಗದಿಲ್ಲ” ಎಂದು ಈ ಸೀಮೆಯ ವೃದ್ಧೆಯೊಬ್ಬಳು ಹೇಳಿದರೆ, ಅದರಲ್ಲಿ ರೋಗನಿದಾನದ ಅರ್ಧಭಾಗ ಅಡಗಿರುತ್ತದೆ. ಕೇಳುವ ಕಿವಿ ಮಾತ್ರ ಬೇಕು. ವೈದ್ಯರು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ. ಇಲ್ಲಿ ಅದನ್ನು ಕಾಲಿನ ಚಡಪಡಿಕೆಯೆಂದೇ ಕರೆಯೋಣ.

ಇದು ಈ ಕಾಲದ ಮೊಬೈಲು, ಟೀವಿಗಳು ತಂದಿತ್ತ ಪೀಡೆಯೆಂದು ಭಾವಿಸುವವರುಂಟು. ಆದರೆ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸನು 1672ರಷ್ಟು ಹಿಂದೆಯೇ, ಹಾಸಿಗೆ ಸೇರಿದೊಡನೆ ಕೈಕಾಲುಗಳ ತಳಮಳದಿಂದ ನಿದ್ರೆಗೆಟ್ಟು ಒದ್ದಾಡುವವರನ್ನು ತನ್ನ ಲ್ಯಾಟಿನ್ ಗ್ರಂಥದಲ್ಲಿ ವರ್ಣಿಸಿದ್ದನು. ಅನಂತರ ಬಹುಕಾಲ ಇದು ಮರೆಯಲ್ಲಿದ್ದು, 1945ರಲ್ಲಿ ಸ್ವೀಡನ್ನಿನ ನರರೋಗತಜ್ಞ ಕಾರ್ಲ್ ಆಕ್ಸೆಲ್ ಎಕ್ಬೊಮ್ ಇದನ್ನೊಂದು ಪ್ರತ್ಯೇಕ ವ್ಯಾಧಿಯೆಂದು ನಿರೂಪಿಸಿ ಹೆಸರಿಟ್ಟ ಮೇಲೆ ವೈದ್ಯಶಾಸ್ತ್ರದಲ್ಲಿ ಇದಕ್ಕೊಂದು ಸ್ಥಾನ ದೊರೆಯಿತು. ಪಾಶ್ಚಾತ್ಯ ದೇಶಗಳಲ್ಲಿ ನೂರಕ್ಕೆ 5ರಿಂದ 10 ಮಂದಿಯಲ್ಲಿ ಇದು ಕಾಣುತ್ತದೆಂದು ಹೇಳುತ್ತಾರೆ. ಬೆಂಗಳೂರಿನ ನಗರವಾಸಿಗಳನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ ಕಂಡುಬಂತು. ಗಂಡಸರಿಗಿಂತ ಹೆಂಗಸರಲ್ಲಿ, ಕಿರಿಯರಿಗಿಂತ ಹಿರಿಯರಲ್ಲಿ ಹೆಚ್ಚು. ಅನೇಕ ಕುಟುಂಬಗಳಲ್ಲಿ ತಾಯಿಯಿಂದ ಮಗಳಿಗೆ, ತಂದೆಯಿಂದ ಮಗನಿಗೆ ಇಳಿದು ಬರುವುದೂ ಉಂಟು.

ಇದನ್ನು ಗುರುತಿಸುವುದಕ್ಕೆ ಎಕ್ಸ್‌ರೇ ಬೇಕಿಲ್ಲ, ಸ್ಕ್ಯಾನಿಂಗ್ ಬೇಕಿಲ್ಲ; ರೋಗಿಯ ಮಾತೇ ಪ್ರಮಾಣ. ಕಾಲನ್ನು ಅಲುಗಿಸಬೇಕೆಂಬ ಅದಮ್ಯವಾದ ಒತ್ತಡ ಹುಟ್ಟುತ್ತದೆಯೇ, ಅದು ಕುಳಿತಾಗ ಮಲಗಿದಾಗ ಏಳುತ್ತದೆಯೇ, ನಡೆದರೆ ನೀವಿದರೆ ಇಳಿಯುತ್ತದೆಯೇ, ಹಗಲಿಗಿಂತ ಸಂಜೆ ಇರುಳುಗಳಲ್ಲಿ ಹೆಚ್ಚುತ್ತದೆಯೇ, ಈ ನಾಲ್ಕಕ್ಕೂ ಹೌದೆಂಬ ಉತ್ತರ ಬಂದು, ಇವನ್ನು ವಿವರಿಸಬಲ್ಲ ಬೇರೊಂದು ಕಾರಣ ಕಾಣದಿದ್ದರೆ, ಅನುಮಾನಕ್ಕೆ ಹೆಚ್ಚು ಎಡೆಯಿಲ್ಲ. ಬೇರೆ ಕಾರಣಗಳನ್ನು ಬೇರ್ಪಡಿಸುವುದರಲ್ಲಿಯೇ ಸ್ವಲ್ಪ ಜಾಗ್ರತೆ ಬೇಕಾದದ್ದು. ನಡುರಾತ್ರಿ ಮೀನಖಂಡ ಗಟ್ಟಿಯಾಗಿ ಗಂಟುಕಟ್ಟಿ ಚೀರುವಂತೆ ಮಾಡಿದರೆ ಅದು ಸ್ನಾಯುಸೆಳೆತ. ಚಡಪಡಿಕೆಯಲ್ಲಿ ಗಂಟು ಕೈಗೆ ಸಿಕ್ಕದು. ಅಂಗಾಲು ಉರಿದು ಮರಗಟ್ಟಿ, ಚಪ್ಪಲಿ ಜಾರಿದ್ದು ತಿಳಿಯದೆ ಹೋಗಿ, ನಡೆದರೂ ಆ ಉರಿ ಕಡಿಮೆಯಾಗದಿದ್ದರೆ ಸಕ್ಕರೆ ಕಾಯಿಲೆಯಿಂದ ನರಗಳು ಕೆಟ್ಟಿರುವ ಸಂಭವ ಹೆಚ್ಚು. ಎರಡೂ ಒಬ್ಬರಲ್ಲಿಯೇ ಇರಬಾರದೆಂಬ ನಿಯಮವೇನೂ ಇಲ್ಲ. ದಿನವೆಲ್ಲ ನಿಂತು ದುಡಿಯುವವರ ಕಾಲುಗಳಲ್ಲಿ ನೀಲಿಯ ರಕ್ತನಾಳಗಳು ಸುರುಳಿಸುತ್ತಿಕೊಂಡು, ಸಂಜೆಗೆ ಪಾದ ಬಾತು, ಕಾಲನ್ನು ದಿಂಬಿನ ಮೇಲಿಟ್ಟರೆ ಹಾಯೆನಿಸಿದರೆ ಅದು ಆ ರಕ್ತನಾಳಗಳ ಬೇನೆ. ನಡೆದರೆ ಮೀನಖಂಡ ನೊಂದು, ನಿಂತರೆ ಇಳಿಯುವುದಾದರೆ ಅದು ರಕ್ತಸಂಚಾರದ ಅಡಚಣೆ. ನಮ್ಮ ವ್ಯಾಧಿಗೆ ನೇರ ವಿರೋಧಿ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ಬಿಸಿಯಾದರೆ, ಅಥವಾ ಕಾಲಿನ ಬಲವೇ ಕುಗ್ಗಿದರೆ, ಮಾರನೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ನಿದ್ರೆಯಲ್ಲಿಯೂ ಈ ಕಾಲುಗಳಿಗೆ ಬಿಡುವಿಲ್ಲ. ಚಡಪಡಿಕೆಯುಳ್ಳವರಲ್ಲಿ ಬಹುಮಂದಿ, ನಿದ್ರೆ ಹತ್ತಿದ ಮೇಲೆ ಇಪ್ಪತ್ತು ನಲವತ್ತು ಸೆಕೆಂಡುಗಳಿಗೊಮ್ಮೆ ಹೆಬ್ಬೆರಳನ್ನು ಮೇಲೆತ್ತಿ ಪಾದವನ್ನು ಝಾಡಿಸುತ್ತಾರೆ. ಇದು ಅವರ ಅರಿವಿಗೆ ಬಾರದು, ಪಕ್ಕದಲ್ಲಿ ಮಲಗಿದವರ ಅರಿವಿಗೆ ಚೆನ್ನಾಗಿ ಬರುತ್ತದೆ. ಹೊದಿಕೆಯ ಕಾಲ್ದೆಸೆ ಮಾತ್ರ ಬೇಗ ಸವೆಯುತ್ತಿದ್ದರೆ ಮನೆಯವರು ಅದನ್ನು ಗಮನಿಸಿ ವೈದ್ಯರಿಗೆ ತಿಳಿಸುವುದೊಳ್ಳೆಯದು.

ಇಷ್ಟಕ್ಕೂ ಈ ಬಾಧೆಯ ಮೂಲ ಕಾಲಿನಲ್ಲಿಲ್ಲ, ಮಿದುಳಿನಲ್ಲಿದೆ. ಚಲನೆಯನ್ನು ಹತೋಟಿಯಲ್ಲಿಡುವ ನರಕೇಂದ್ರಗಳು ಡೋಪಮೀನ್ ಎಂಬ ರಸವನ್ನು ಆಶ್ರಯಿಸಿವೆ. ಆ ರಸ ತಯಾರಾಗುವುದಕ್ಕೆ ಕಬ್ಬಿಣದ ಅಂಶ ಅವಶ್ಯ. ಮಿದುಳಿನ ಆ ಭಾಗಗಳಲ್ಲಿ ಕಬ್ಬಿಣ ಕೊರತೆಯಾದಾಗ ವ್ಯವಸ್ಥೆ ತಪ್ಪುತ್ತದೆ, ಮತ್ತು ಡೋಪಮೀನಿನ ಪ್ರಭಾವ ಸಹಜವಾಗಿಯೇ ಇಳಿಯುವ ಇರುಳಿನಲ್ಲಿ ಆ ತಪ್ಪು ಎದ್ದು ಕಾಣುತ್ತದೆ. ಇದನ್ನು ಓದಿದೊಡನೆ, “ನನ್ನ ರಕ್ತ ಪರೀಕ್ಷೆ ಆಗಿದೆ, ಹಿಮೋಗ್ಲೋಬಿನ್ ಹನ್ನೆರಡಿದೆ, ಕಬ್ಬಿಣದ ಕೊರತೆ ಎಲ್ಲಿಂದ ಬರಬೇಕು?” ಎಂದು ಕೇಳುವವರಿಗೆ ಈ ಸೀಮೆಯ ಹಗೇವನ್ನೇ ಉದಾಹರಣೆಯಾಗಿ ಹೇಳಬಹುದು. ಅಡಿಗೆಮನೆಯ ಗುಡಾಣದಲ್ಲಿ ಈ ವಾರಕ್ಕಾಗುವ ರಾಗಿ ತುಂಬಿದೆಯೆಂದ ಮಾತ್ರಕ್ಕೆ ಅಂಗಳದ ಹಗೇವೂ ತುಂಬಿದೆಯೆಂದು ಹೇಳಲಾಗದು. ಹಿಮೋಗ್ಲೋಬಿನ್ ಗುಡಾಣದ ರಾಗಿ. ಹಗೇವಿನ ರಾಗಿಯನ್ನು ಅಳೆಯುವ ಪರೀಕ್ಷೆಗೆ ಫೆರಿಟಿನ್ ಎಂದು ಹೆಸರು. ಈ ವ್ಯಾಧಿಯಲ್ಲಿ ಮುಖ್ಯವಾಗಿ ಕೇಳಿ ಮಾಡಿಸಬೇಕಾದದ್ದು ಅದು.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಪ್ರಯೋಗಾಲಯದ ಚೀಟಿಯಲ್ಲಿ ಫೆರಿಟಿನ್ 15 ಅಥವಾ 20ಕ್ಕಿಂತ ಮೇಲಿದ್ದರೆ ಸಾಮಾನ್ಯವೆಂದೇ ಅಚ್ಚಾಗಿರುತ್ತದೆ. ಅದನ್ನು ಕಂಡು ರೋಗಿ ಸಮಾಧಾನಪಟ್ಟು ಮನೆಗೆ ಹೋಗುತ್ತಾನೆ. ಚಡಪಡಿಕೆಯ ವಿಷಯದಲ್ಲಿಯಾದರೋ ತಜ್ಞರು ಇಟ್ಟುಕೊಂಡಿರುವ ಗೆರೆ ಬೇರೆ; ಒಂದು ಮಿಲಿಲೀಟರಿಗೆ 75 ನ್ಯಾನೋಗ್ರಾಂ ಅಥವಾ ಅದಕ್ಕೆ ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆಯನ್ನು ಆರಂಭಿಸುವುದು ಉಚಿತವೆಂದೂ, 100ರವರೆಗಿನವರಿಗೆ ಕೆಲವು ಸಂದರ್ಭಗಳಲ್ಲಿ ರಕ್ತನಾಳದ ಮೂಲಕ ಕಬ್ಬಿಣ ಕೊಡಬಹುದೆಂದೂ ಅವರ ಅಭಿಪ್ರಾಯ. ಜ್ವರ, ಸೋಂಕು, ಉರಿಯೂತಗಳಿದ್ದಾಗ ಫೆರಿಟಿನ್ ಸುಳ್ಳು ಏರಿಕೆಯನ್ನು ತೋರುವುದರಿಂದ ಆ ದಿನಗಳಲ್ಲಿ ಪರೀಕ್ಷೆ ಬೇಡ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತ ಕೊಟ್ಟು, ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ನನ್ನೂ ನೋಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಅದೇ ರಕ್ತದಲ್ಲಿ ಸಕ್ಕರೆ, ಮೂತ್ರಪಿಂಡದ ಸ್ಥಿತಿಯನ್ನು ಹೇಳುವ ಕ್ರಿಯಾಟಿನೀನ್, ಬಿ12 ಇವನ್ನೂ ನೋಡಿಸಬಹುದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂತು. ರಕ್ತಹೀನತೆಗೆ ಇಳಿಯದೆ ಸಂಗ್ರಹ ಮಾತ್ರ ಬರಿದಾಗಿರುವವರು ಆ ಲೆಕ್ಕದ ಹೊರಗೇ ಉಳಿದರು. ಕಬ್ಬಿಣ ಎಲ್ಲಿ ಸೋರಿಹೋಗುತ್ತಿದೆಯೆಂಬುದನ್ನು ಅರಿಯದೆ ಮಾತ್ರೆ ನುಂಗುವುದರಿಂದ ಅರ್ಧ ಪ್ರಯೋಜನವಷ್ಟೆ. ಮುಟ್ಟಿನಲ್ಲಿ ಅತಿಯಾದ ಸ್ರಾವ, ಅಂತರವಿಲ್ಲದ ಹೆರಿಗೆಗಳು, ಮೂಲವ್ಯಾಧಿ, ಬರಿಗಾಲಿನಲ್ಲಿ ಹೊಲ ತುಳಿಯುವವರ ಅಂಗಾಲಿನಿಂದ ಒಳಹೊಕ್ಕು ಕರುಳಿಗೆ ಕಚ್ಚಿಕೊಳ್ಳುವ ಕೊಕ್ಕೆಹುಳು, ಇವು ಸಾಮಾನ್ಯ ಕಾರಣಗಳು. ಐವತ್ತು ದಾಟಿದ ಗಂಡಸಿನಲ್ಲಿಯೋ ಮುಟ್ಟು ನಿಂತ ಹೆಂಗಸಿನಲ್ಲಿಯೋ ಕಬ್ಬಿಣ ಕಡಿಮೆಯಾದರೆ ಜಠರ ಕರುಳುಗಳಲ್ಲಿ ರಕ್ತ ಸೋರುತ್ತಿದೆಯೇ ಎಂದು ವೈದ್ಯರು ಹುಡುಕಿ ನೋಡಲೇಬೇಕು. ಆದರೆ ನನ್ನ ಮನಸ್ಸಿಗೆ ಇವೆಲ್ಲಕ್ಕಿಂತ ಹೆಚ್ಚಾಗಿ ತಟ್ಟುವ ಕಾರಣ ಇನ್ನೊಂದು. ಕಾಲು ಎಳೆಯುತ್ತದೆಂದು ಮೆಡಿಕಲ್ ಶಾಪಿಗೆ ಹೋಗಿ ನೋವಿನ ಮಾತ್ರೆಯನ್ನು ಬಿಡಿಯಾಗಿ ಕೊಂಡು ತಂದು ದಿನಾ ರಾತ್ರಿ ನುಂಗುವುದು ಹಳ್ಳಿ ಪಟ್ಟಣಗಳೆನ್ನದೆ ಎಲ್ಲೆಡೆ ನಡೆದಿದೆ. ಆ ಮಾತ್ರೆ ಚಡಪಡಿಕೆಯನ್ನು ಕಿಂಚಿತ್ತೂ ತಗ್ಗಿಸದು, ಏಕೆಂದರೆ ಅಲ್ಲಿ ತಗ್ಗಿಸಬೇಕಾದ ಊತವೇ ಇಲ್ಲ. ತಿಂಗಳುಗಟ್ಟಲೆ ನುಂಗಿದಲ್ಲಿ ಅದು ಜಠರದ ಒಳಪೊರೆಯನ್ನು ಕೊರೆದು, ಕಣ್ಣಿಗೆ ಕಾಣದಷ್ಟಾಗಿ ರಕ್ತವನ್ನು ಸೋರಿಸಿ, ಇದ್ದ ಕಬ್ಬಿಣವನ್ನೂ ಕಳೆಯುತ್ತದೆ. ಕಬ್ಬಿಣ ಕಳೆದಷ್ಟೂ ಕಾಲು ಹೆಚ್ಚು ಎಳೆಯುತ್ತದೆ. ಕಾಲು ಎಳೆದಷ್ಟೂ ಮಾತ್ರೆ ಹೆಚ್ಚುತ್ತದೆ. ಮೂತ್ರಪಿಂಡಕ್ಕೆ ತಟ್ಟುವ ಕೇಡು ಬೇರೆ. ಆ ಮೂತ್ರಪಿಂಡ ಕೆಟ್ಟರೆ ಅದೂ ಈ ಚಡಪಡಿಕೆಗೆ ಒಂದು ಕಾರಣವೆಂಬುದನ್ನು ನೆನೆದಾಗ ಈ ವಿಷವರ್ತುಲದ ಕ್ರೌರ್ಯ ಪೂರ್ತಿಯಾಗಿ ತಿಳಿಯುತ್ತದೆ.

ಕಬ್ಬಿಣದ ಮಾತ್ರೆಯನ್ನು ನುಂಗುವುದರಲ್ಲಿಯೂ ಒಂದು ಕ್ರಮವಿದೆ. ಬರಿಹೊಟ್ಟೆಯಲ್ಲಿ, ನಿಂಬೆಹಣ್ಣಿನ ನೀರಿನೊಡನೆ ತೆಗೆದುಕೊಂಡರೆ ಚೆನ್ನಾಗಿ ಹೀರಲ್ಪಡುತ್ತದೆ. ಕಾಫಿ, ಟೀ, ಹಾಲು, ಸುಣ್ಣದಂಶದ ಕ್ಯಾಲ್ಸಿಯಂ ಮಾತ್ರೆ ಇವು ಅದರ ವೈರಿಗಳಾದ್ದರಿಂದ ಒಂದೆರಡು ಗಂಟೆಯ ಅಂತರವಿರಬೇಕು. ದಿನಕ್ಕೆ ಎರಡು ಮೂರು ನುಂಗುವುದಕ್ಕಿಂತ ದಿನಕ್ಕೊಂದು ಅಥವಾ ದಿನ ಬಿಟ್ಟು ದಿನ ಒಂದು ನುಂಗಿದರೆ ದೇಹ ಹೀರುವ ಪ್ರಮಾಣ ಉತ್ತಮವೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಹೊಟ್ಟೆ ಕೆಡುವುದೂ ಕಡಿಮೆ. ಮಲ ಕಪ್ಪಾಗುವುದನ್ನು ಕಂಡು ಗಾಬರಿಯಾಗಿ ಮಾತ್ರೆಯನ್ನು ಹಿತ್ತಲಿಗೆಸೆಯುವವರನ್ನು ಆಶಾ ಕಾರ್ಯಕರ್ತೆಯರು ಚೆನ್ನಾಗಿ ಬಲ್ಲರು. ಅದು ಮಾತ್ರೆಯ ಬಣ್ಣ, ಹೆದರಬೇಕಾದ್ದಿಲ್ಲ. ಗುಣ ಕಾಣುವುದಕ್ಕೆ ವಾರಗಳು ಹಿಡಿಯುತ್ತವೆ. ಮೂರು ತಿಂಗಳಿಗೆ ಪುನಃ ಫೆರಿಟಿನ್ ನೋಡಿಸಿ ಮುಂದುವರಿಸುವುದೋ ನಿಲ್ಲಿಸುವುದೋ ನಿರ್ಧರಿಸಬೇಕು. ಮಾತ್ರೆ ಒಗ್ಗದವರಿಗೆ, ಅಥವಾ ನುಂಗಿಯೂ ಸಂಗ್ರಹ ಏರದವರಿಗೆ, ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕಬ್ಬಿಣ ಕೊಡುವ ಕ್ರಮವುಂಟು.

ಆಹಾರದ ಮಾತು. ರಾಗಿಯುಂಡವನಿಗೆ ರಕ್ತದ ಕೊರತೆಯೇ ಎಂದು ಹನೂರಿನ ಕಡೆಯವರು ಕೇಳುವುದು ಸಹಜ. ಸುಣ್ಣದಂಶದಲ್ಲಿ ರಾಗಿಗೆ ಸಮನಾದ ಧಾನ್ಯವಿಲ್ಲ, ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಕಬ್ಬಿಣವಾದರೋ ನಾಲ್ಕು ಮಿಲಿಗ್ರಾಮಿನ ಆಸುಪಾಸು, ಅದರಲ್ಲಿಯೂ ಹೆಚ್ಚು ಭಾಗವನ್ನು ಧಾನ್ಯದಲ್ಲಿಯೇ ಇರುವ ಫೈಟೇಟು, ಟ್ಯಾನಿನ್‌ಗಳು ಹಿಡಿದಿಟ್ಟು ಕರುಳಿಗೆ ಬಿಟ್ಟುಕೊಡವು. ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದರೆ ಆ ಹಿಡಿತ ಸಡಿಲುತ್ತದೆ. ಮುದ್ದೆಗೆ ಹುರುಳಿ ಸಾರೋ ಸೊಪ್ಪಿನ ಸಾರೋ ಇದ್ದು, ಪಕ್ಕದಲ್ಲಿ ನಿಂಬೆಯ ಹೋಳೋ ನೆಲ್ಲಿಕಾಯಿಯ ಚಟ್ನಿಯೋ ಇದ್ದರೆ ಅದರ ಬೆಲೆ ಹೆಚ್ಚುತ್ತದೆ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ತಲೆಮಾರುಗಳಿಂದ ಆಯ್ದು ತಂದ ನೆಲ್ಲಿಕಾಯಿ ಈ ಕೆಲಸಕ್ಕೆ ಯಾವ ವಿಟಮಿನ್ ಸಿ ಮಾತ್ರೆಗೂ ಕಡಿಮೆಯಲ್ಲ. ಮಾಂಸಾಹಾರಿಗಳಿಗೆ ಬಾಡಿನಲ್ಲಿಯೂ ಕುರಿಯ ಈಲಿಯಲ್ಲಿಯೂ ಇರುವ ಕಬ್ಬಿಣ ಸುಲಭವಾಗಿ ದಕ್ಕುತ್ತದೆ. ಗರ್ಭಿಣಿಯರು ಮಾತ್ರ ಈಲಿಯಿಂದ ದೂರವಿರುವುದು ಲೇಸು. ಒಮ್ಮೆ ಸಂಗ್ರಹ ಬರಿದಾದ ಮೇಲೆ ಊಟವೊಂದರಿಂದಲೇ ಅದು ತುಂಬುವುದೆಂದು ನಂಬಿ ಕುಳ್ಳಿರಬಾರದು. ಅದೇ ಬಿಳಿಗಿರಿರಂಗನ ಬೆಟ್ಟದ ಮೇಲೆ ಕಾಫಿಯೂ ಬೆಳೆಯುತ್ತದೆ. ಸಂಜೆಯ ಕಾಫಿ ಅನೇಕರಲ್ಲಿ ಈ ಬಾಧೆಯನ್ನು ಕೆರಳಿಸುವುದರಿಂದ, ಮಧ್ಯಾಹ್ನ ಕಳೆದ ಮೇಲೆ ಎರಡು ವಾರ ಅದನ್ನು ಬಿಟ್ಟು ನೋಡುವುದು ಖರ್ಚಿಲ್ಲದ ಪ್ರಯೋಗ. ಮದ್ಯವೂ, ಎಲೆಯಡಿಕೆಯೊಡನೆ ಮೆಲ್ಲುವ ಹೊಗೆಸೊಪ್ಪೂ ಇದೇ ಪಂಕ್ತಿಗೆ ಸೇರಿದವು.

ಈ ಸೀಮೆಯವರು ಕಬ್ಬಿಣದ ಮಾತ್ರೆಯ ವಿಷಯದಲ್ಲಿ ವಿಶೇಷವಾಗಿ ನೆನಪಿಡಬೇಕಾದ ಎಚ್ಚರಿಕೆಯೊಂದಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರಲ್ಲಿ ಕುಡಗೋಲು ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಅನೀಮಿಯ ಇರುವುದನ್ನು ಬಹುಕಾಲದಿಂದ ಗುರುತಿಸಿ ಚಿಕಿತ್ಸೆ ನೀಡುತ್ತ ಬಂದಿದೆ. 2023ರಿಂದ ದೇಶವ್ಯಾಪಿಯಾಗಿ ಇದರ ನಿರ್ಮೂಲನಕ್ಕೆ ಸರ್ಕಾರವೂ ಕೈಹಾಕಿದೆ. ಈ ರೋಗದಲ್ಲಿಯೂ ಮುಖ ಬಿಳಿಚುತ್ತದೆ, ಕಾಲು ನೋಯುತ್ತದೆ. ಆದರೆ ಹಲವು ಸಲ ರಕ್ತ ಹಾಕಿಸಿಕೊಂಡವರ ಮೈಯಲ್ಲಿ ಕಬ್ಬಿಣ ಕೊರತೆಯಾಗಿರುವುದರ ಬದಲು ಅತಿಯಾಗಿಯೇ ಇರಬಹುದು. ಆದಕಾರಣ ಫೆರಿಟಿನ್ ನೋಡದೆ ಅವರು ಮಾತ್ರೆಗೆ ಕೈಯಿಕ್ಕಬಾರದು. ಎಲುಬಿನೊಳಗೆ ಸಿಡಿಯುವಂಥ ಅವರ ನೋವು ನಡೆದಾಡಿದರೆ ಇಳಿಯುವಂಥದೂ ಅಲ್ಲ. ಅದಕ್ಕೆ ಕೂಡಲೇ ವೈದ್ಯರ ನೆರವು ಬೇಕು.

ಕೆಲವೊಮ್ಮೆ ಬಾಧೆಯ ಬೀಜ ಮನೆಯ ಔಷಧಿ ಡಬ್ಬಿಯಲ್ಲಿಯೇ ಇರುತ್ತದೆ. ಶೀತ, ಕೆಮ್ಮು, ತುರಿಕೆಗಳಿಗೆ ಕೊಡುವ, ತೂಕಡಿಕೆ ತರುವ ಮಾತ್ರೆಗಳು, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಖಿನ್ನತೆಗೆ ಕೊಡುವ ಹಲವು ಔಷಧಿಗಳು, ಮಾನಸಿಕ ರೋಗಗಳಿಗೆ ಕೊಡುವ ಕೆಲವು ಔಷಧಿಗಳು ಚಡಪಡಿಕೆಯನ್ನು ಹುಟ್ಟಿಸಲೂ ಬಲ್ಲವು, ಇದ್ದುದನ್ನು ಬೆಳೆಸಲೂ ಬಲ್ಲವು. ಕಾಲಿನ ಕಾಟದಿಂದ ನಿದ್ರೆ ಬಾರದೆಂದು ನಿದ್ರೆಗಾಗಿ ಕೆಮ್ಮಿನ ಸಿರಪ್ ಕುಡಿಯುವವನು ಅರಿಯದೆಯೇ ಶತ್ರುವಿಗೆ ಊಟವಿಕ್ಕುತ್ತಾನೆ. ಶೀತದ ಮಾತ್ರೆಯನ್ನು ತಾನಾಗಿಯೇ ಬಿಡಬಹುದು. ಖಿನ್ನತೆ ಮುಂತಾದವುಗಳ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ಎಂದಿಗೂ ನಿಲ್ಲಿಸತಕ್ಕದ್ದಲ್ಲ.

ಇನ್ನು ಇರುಳನ್ನು ಕಳೆಯುವ ಉಪಾಯ. ಮೊದಲನೆಯದಾಗಿ, ಹಲ್ಲು ಕಚ್ಚಿಕೊಂಡು ಅಲುಗಾಡದೆ ಮಲಗುವ ಹಟವನ್ನು ಬಿಡಬೇಕು. ತಡೆದಷ್ಟೂ ಒತ್ತಡ ಬೆಳೆಯುತ್ತದೆ. ಎದ್ದು ಹಜಾರದಲ್ಲಿ ಐದು ನಿಮಿಷ ಅಡ್ಡಾಡಿ, ಗೋಡೆಗೆ ಎರಡು ಕೈಯೂರಿ ಒಂದು ಕಾಲನ್ನು ಹಿಂದಕ್ಕೆ ಚಾಚಿ ಹಿಮ್ಮಡಿಯನ್ನು ನೆಲಕ್ಕೊತ್ತಿ ಮೀನಖಂಡ ಹಿಗ್ಗುವಂತೆ ಅರ್ಧ ನಿಮಿಷ ನಿಂತು, ಅನಂತರ ಇನ್ನೊಂದು ಕಾಲಿಗೂ ಹಾಗೆಯೇ ಮಾಡುವುದು ಅನೇಕರಿಗೆ ಹಿತ. ಮಲಗುವ ಮುನ್ನ ಹದವಾದ ಬಿಸಿನೀರಿನಲ್ಲಿ ಕಾಲಿಟ್ಟುಕೊಳ್ಳುವುದು ಕೆಲವರಿಗೆ, ತಣ್ಣೀರು ಎರಚಿಕೊಳ್ಳುವುದು ಕೆಲವರಿಗೆ ಒಗ್ಗುತ್ತದೆ. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಕುಂದಿದವರು ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿಕೊಳ್ಳದೆ ಕಾಲಿಡಬಾರದು. ಹರಳೆಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಬೆಚ್ಚಗೆ ಮಾಡಿ ಮೊಣಕಾಲಿನಿಂದ ಕೆಳಕ್ಕೆ ನೀವಿಸಿಕೊಳ್ಳುವ ನಮ್ಮ ಹಿರಿಯರ ಪದ್ಧತಿಯಲ್ಲಿ ಗುಣವಿರುವುದು ಎಣ್ಣೆಗಿಂತ ನೀವುವ ಕೈಯಲ್ಲಿ. ಆದರೂ ಎಣ್ಣೆಯಿಂದ ಕೈಗೆ ಸಲೀಸು. ಹಗಲಿನಲ್ಲಿ ಮಿತವಾದ ನಡಿಗೆ ಒಳ್ಳೆಯದು. ದುಡಿಮೆಯಿಲ್ಲದೆ ಕುಳಿತೇ ಕಾಲ ಕಳೆಯುವವರಿಗೂ, ಒಂದೇ ದಿನ ಬೆಟ್ಟ ಹತ್ತಿ ಮೈ ದಂಡಿಸಿದವರಿಗೂ ಅಂದಿನ ರಾತ್ರಿ ಕಷ್ಟ.

ಮನಸ್ಸು ಯಾವುದಾದರೊಂದರಲ್ಲಿ ತೊಡಗಿದಾಗ ಈ ಬಾಧೆ ಹಿಂಜರಿಯುತ್ತದೆಂಬುದು ಇದರ ವಿಚಿತ್ರ ಸ್ವಭಾವಗಳಲ್ಲಿ ಒಂದು. ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನೋ, ಮಾದಪ್ಪನ ಬೆಟ್ಟದಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕಥೆಯನ್ನೋ ಬೆಳಗಿನವರೆಗೆ ಹಾಡುವಾಗ ಕಥೆಯಲ್ಲಿ ಮೈಮರೆತು ಕುಳಿತವನಿಗೆ ಕಾಲಿನ ನೆನಪು ಬಾರದೆ ಇದ್ದು, ಕಥೆ ಸಪ್ಪೆಯಾದಾಗ ಮಾತ್ರ ನೆನಪಾದರೆ ಆಶ್ಚರ್ಯವಿಲ್ಲ. ಆದ್ದರಿಂದ ಸಂಜೆ ಕುಳಿತಿರಲೇಬೇಕಾದ ಹೊತ್ತಿನಲ್ಲಿ ಚೌಕಾಬಾರವನ್ನಾಡುವುದು, ಹೂ ಕಟ್ಟುವುದು, ಅವರೆಕಾಯಿ ಬಿಡಿಸುವುದು, ಲೆಕ್ಕ ಬರೆಯುವುದು ಬರಿಯ ಕಾಲಹರಣವೆನಿಸದೆ ಚಿಕಿತ್ಸೆಯ ಭಾಗವೇ ಆಗುತ್ತದೆ. ಸುಮ್ಮನೆ ಟೀವಿ ನೋಡುವುದರಿಂದ ಈ ಫಲ ಅಷ್ಟಾಗಿ ದೊರೆಯದು. ಕೊಳ್ಳೇಗಾಲದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಬೇಕಾದವರು ಕಿಟಕಿಯ ಆಸೆಯನ್ನು ಬಿಟ್ಟು ನಡುಹಾದಿಯ ಪಕ್ಕದ ಸೀಟನ್ನು ಕೇಳಿ ಪಡೆಯಲಿ. ಸಾಧ್ಯವಾದರೆ ಪ್ರಯಾಣವನ್ನೇ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಲಿ.

ರೇಷ್ಮೆ ಸಾಕುವ ಮನೆಗಳಲ್ಲಿ ಇನ್ನೊಂದು ತೊಡಕುಂಟು. ನಾಲ್ಕನೆಯ ಜ್ವರ ಎದ್ದ ಹುಳುಗಳಿಗೆ ಹೊತ್ತುಹೊತ್ತಿಗೆ ಸೊಪ್ಪು ಬೀಳಲೇಬೇಕು. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವತನಕ ಮನೆಯಲ್ಲಿ ಯಾರಿಗೂ ಪೂರ್ತಿ ನಿದ್ರೆಯಿಲ್ಲ. ಹೇಗೂ ನಿದ್ರೆ ಬಾರದೆಂದು ಕಾಲೆಳೆತವಿರುವ ಅತ್ತೆಯೋ ಸೊಸೆಯೋ ನಡುರಾತ್ರಿಯ ಸೊಪ್ಪಿನ ಸರದಿಯನ್ನು ತಾನೇ ವಹಿಸಿಕೊಳ್ಳುವುದುಂಟು. ಆ ಗಳಿಗೆಗೆ ಅದು ಅನುಕೂಲವೇ. ಆದರೆ ನಿದ್ರೆ ಕೆಟ್ಟಷ್ಟೂ ಮರುದಿನದ ಚಡಪಡಿಕೆ ಬಲಿಯುವುದರಿಂದ, ಆ ಸರದಿ ಒಬ್ಬಳ ಪಾಲಿಗೇ ಕಾಯಂ ಆಗದಂತೆ ಮನೆಯವರು ಹಂಚಿಕೊಳ್ಳಬೇಕು. ಈ ಬಾಧೆಯುಳ್ಳವರಿಗೆ ಬೆಳಗಿನ ಜಾವದ ನಿದ್ರೆಯೇ ಸವಿನಿದ್ರೆ. ಬೆಳಗಿನ ಕಸಮುಸುರೆಯನ್ನು ಇನ್ನೊಬ್ಬರು ನೋಡಿಕೊಂಡು ಅವಳನ್ನು ಒಂದು ಗಂಟೆ ಹೆಚ್ಚು ಮಲಗಲು ಬಿಟ್ಟರೆ ಅದು ಸೋಮಾರಿತನಕ್ಕೆ ಕೊಟ್ಟ ಸಲಿಗೆಯಾಗದು.

ಗರ್ಭಿಣಿಯರಲ್ಲಿ, ಅದರಲ್ಲಿಯೂ ಕೊನೆಯ ಮೂರು ತಿಂಗಳಲ್ಲಿ, ಐವರಲ್ಲಿ ಒಬ್ಬರಿಗಾದರೂ ಇದು ಕಾಣಿಸಿಕೊಂಡು, ಹೆರಿಗೆಯಾದ ಮೇಲೆ ಬಹುಪಾಲು ತಾನಾಗಿಯೇ ಹೋಗುತ್ತದೆ. ಸರ್ಕಾರದಿಂದ ಸಿಗುವ, 60 ಮಿಲಿಗ್ರಾಂ ಕಬ್ಬಿಣವಿರುವ ಕೆಂಪು ಮಾತ್ರೆಯನ್ನು 180 ದಿನ ತಪ್ಪದೆ ನುಂಗುವುದು, ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳುವುದು, ನೀವಿಸಿಕೊಳ್ಳುವುದು, ನಡೆದಾಡುವುದು ಇಷ್ಟರಲ್ಲಿಯೇ ಸಾಧ್ಯವಾದಷ್ಟೂ ನಿಭಾಯಿಸಬೇಕು. ಬೇರೆ ಔಷಧಿ ವೈದ್ಯರ ಕೈಯಿಂದಲೇ ಬರಲಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಈ ಬಾಧೆ ಸಾಮಾನ್ಯ. ನಾಲ್ಕು ಗಂಟೆ ಅಲುಗದೆ ಮಲಗುವ ಹಿಂಸೆಯನ್ನು ಅವರು ಸಿಬ್ಬಂದಿಯೊಡನೆ ಬಾಯಿಬಿಟ್ಟು ಹೇಳಿಕೊಳ್ಳಬೇಕು.

ಇಷ್ಟೆಲ್ಲ ಮಾಡಿಯೂ ವಾರದಲ್ಲಿ ಹಲವು ರಾತ್ರಿ ನಿದ್ರೆ ಹಾಳಾಗುವವರಿಗೆ ಔಷಧಿಗಳುಂಟು. ಹಿಂದೆ ಮೊದಲ ಸಾಲಿನಲ್ಲಿದ್ದ ಪ್ರಮಿಪೆಕ್ಸೋಲ್, ರೋಪಿನಿರೋಲ್, ಲೆವೊಡೋಪ ಮುಂತಾದ ಡೋಪಮೀನ್ ಔಷಧಿಗಳು ಮೊದಲ ದಿನಗಳಲ್ಲಿ ಪವಾಡವೆಂಬಂತೆ ಕೆಲಸಮಾಡಿ, ವರ್ಷಗಳು ಕಳೆದಂತೆ ಅನೇಕರಲ್ಲಿ ರೋಗವನ್ನೇ ಉಲ್ಬಣಗೊಳಿಸುತ್ತವೆ; ರಾತ್ರಿ ಹತ್ತಕ್ಕೆ ಏಳುತ್ತಿದ್ದ ಚಡಪಡಿಕೆ ಸಂಜೆ ಆರಕ್ಕೆ, ಆಮೇಲೆ ಮಧ್ಯಾಹ್ನಕ್ಕೆ ಸರಿದು, ಕೈಗಳಿಗೂ ಹಬ್ಬುತ್ತದೆ. ಹಾಗಾದಾಗ ಮಾತ್ರೆಯನ್ನು ಹೆಚ್ಚಿಸುವುದು ಬೆಂಕಿಗೆ ತುಪ್ಪ ಹೊಯ್ದಂತೆ. ಜೂಜು, ಅತಿಖರೀದಿ ಮುಂತಾದ ಹತೋಟಿ ಮೀರಿದ ಚಟಗಳು ಕೆಲವರಲ್ಲಿ ತಲೆದೋರುವುದೂ ಉಂಟು. ಈ ಕಾರಣಗಳಿಂದ 2025ರ ಆರಂಭದಲ್ಲಿ ಪ್ರಕಟವಾದ ಅಮೆರಿಕದ ನಿದ್ರಾವೈದ್ಯ ಅಕಾಡೆಮಿಯ ಮಾರ್ಗಸೂಚಿ ಅವುಗಳನ್ನು ವಾಡಿಕೆಯಾಗಿ ಬಳಸುವುದು ಬೇಡವೆಂದು ಹೇಳಿ, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ವರ್ಗದ ಔಷಧಿಗಳಿಗೂ ಕಬ್ಬಿಣಕ್ಕೂ ಅಗ್ರಸ್ಥಾನ ಕೊಟ್ಟಿದೆ. ಇವುಗಳಿಂದ ತಲೆಸುತ್ತು, ಮಂಪರು ಬರಬಹುದಾದ್ದರಿಂದ ವೃದ್ಧರು ರಾತ್ರಿ ಬೀಳದಂತೆ ಜೋಪಾನವಾಗಿರಬೇಕು. ಮೂತ್ರಪಿಂಡ ದುರ್ಬಲವಾದವರಿಗೆ ಪ್ರಮಾಣ ತಗ್ಗಿಸಬೇಕು. ಈಗಾಗಲೇ ಡೋಪಮೀನ್ ಮಾತ್ರೆ ನುಂಗುತ್ತಿರುವವರು ಇದನ್ನೋದಿ ತಟಕ್ಕನೆ ನಿಲ್ಲಿಸಿದರೆ ಕೆಲವು ರಾತ್ರಿ ಸಹಿಸಲಾಗದ ಸ್ಥಿತಿ ಬರುತ್ತದೆ; ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿ ಲೆವೊಡೋಪ ಸಹಜವಾಗಿಯೇ ಇದೆ. ಗಿಡಮೂಲಿಕೆಯೆಂಬ ಧೈರ್ಯದಿಂದ ಅದರ ಪುಡಿಯನ್ನು ದಿನವೂ ತಿನ್ನುವವರಿಗೂ ಮೇಲೆ ಹೇಳಿದ ಅಪಾಯ ತಪ್ಪಿದ್ದಲ್ಲ; ಪುಡಿಯಲ್ಲಿ ಎಷ್ಟು ಔಷಧಿ ಮೈಸೇರಿತೆಂಬ ಲೆಕ್ಕವೂ ಸಿಕ್ಕದು.

ತೋರಿಸಿಕೊಳ್ಳುವುದಕ್ಕೆ ಮೊದಲೇ ದೂರ ಹೋಗಬೇಕಾದ್ದಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆ, ಹನೂರಿನ ದಾರಿಯಲ್ಲಿ ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆ, ಬೆಟ್ಟದವರಿಗೆ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ, ಇವುಗಳಲ್ಲಿ ಯಾವುದರಲ್ಲಾದರೂ ಆರಂಭಿಸಬಹುದು. ಬೇಕಾದರೆ ಅಲ್ಲಿಂದ 2016ರಲ್ಲಿ ಆರಂಭವಾದ ಚಾಮರಾಜನಗರದ ವೈದ್ಯಕೀಯ ಕಾಲೇಜಿಗೆ, ಮೈಸೂರಿನ ನರರೋಗತಜ್ಞರಿಗೆ, ತೀರ ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸಿಗೆ ಹೋಗಬಹುದು. ಎಲ್ಲಿಗೆ ಹೋದರೂ ಜನಜಂಗುಳಿಯ ನಡುವೆ ವೈದ್ಯರಿಗೆ ಸಿಗುವ ಕಾಲ ಅಲ್ಪ. “ಕಾಲುನೋವು” ಎಂದಷ್ಟೇ ಹೇಳಿದರೆ ನೋವಿನ ಮಾತ್ರೆಯೇ ಬಂದೀತು. ಯಾವ ಹೊತ್ತಿಗೆ ಏಳುತ್ತದೆ, ಎದ್ದು ನಡೆದರೆ ಏನಾಗುತ್ತದೆ, ವಾರದಲ್ಲಿ ಎಷ್ಟು ರಾತ್ರಿ ನಿದ್ರೆ ಕೆಟ್ಟಿತು, ಮನೆಯಲ್ಲಿ ಇನ್ನು ಯಾರಿಗಿದೆ ಎಂಬ ನಾಲ್ಕು ಸಾಲನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು, ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಟ್ಟು, ಫೆರಿಟಿನ್ ನೋಡಿಸಬಹುದೇ ಎಂದು ಕೇಳತಕ್ಕದ್ದು.